ಶ್ವಾಸಕೋಶದ ಕೀವುಕುರು: ಕಾರಣಗಳು ಮತ್ತು ರೋಗಸ್ವರೂಪ



ಮುಂಬಯಿಯಂತಹ ಮಹಾನಗರದಲ್ಲಿ ಕೆಮ್ಮು ಯಾರ ಗಮನವನ್ನೂ ವಿಶೇಷವಾಗಿ ಸೆಳೆಯುವುದಿಲ್ಲ. ವಾಹನಗಳ ಹೊಗೆ, ಕಟ್ಟಡ ಕಾಮಗಾರಿಗಳ ದೂಳು, ನಾಲ್ಕು ತಿಂಗಳ ಮಳೆಗಾಲದ ತೇವ, ಗಾಳಿಬೆಳಕುಗಳಿಗೆ ಅವಕಾಶವಿಲ್ಲದ ಇಕ್ಕಟ್ಟಾದ ವಸತಿ, ಇವೆಲ್ಲವುಗಳ ನಡುವೆ ಬಾಳುವ ಶ್ರಮಜೀವಿಯು ಕೆಮ್ಮನ್ನು ಬದುಕಿನ ಒಂದು ಅಂಗವೆಂದೇ ಸ್ವೀಕರಿಸಿರುತ್ತಾನೆ. ಆದರೆ ಅದೇ ಕೆಮ್ಮು ಎರಡು ವಾರಗಳನ್ನು ದಾಟಿ, ಜೊತೆಗೆ ಜ್ವರವೂ ಕೃಶತೆಯೂ ಸೇರಿಕೊಂಡು, ಕಫದಲ್ಲಿ ರಕ್ತದ ಗೆರೆ ಕಂಡಿತೆಂದರೆ ಮನೆಯವರ ಮನಸ್ಸಿನಲ್ಲಿ ಒಂದೇ ಒಂದು ಹೆಸರು ಮೂಡುತ್ತದೆ: ಕ್ಷಯ. ಈ ಭಯ ನಿರಾಧಾರವಾದುದಲ್ಲ. ಆದರೂ ಶ್ವಾಸಕೋಶದ ಕ್ಷಕಿರಣ ಚಿತ್ರದಲ್ಲಿ ಕಾಣಿಸುವ ಪ್ರತಿಯೊಂದು ಕುಹರವೂ ಕ್ಷಯದ್ದಲ್ಲ. ಕ್ಷಯದಂತೆಯೇ ತೋರುವ, ಆದರೆ ಕಾರಣದಲ್ಲಿಯೂ ಚಿಕಿತ್ಸೆಯಲ್ಲಿಯೂ ಅದಕ್ಕಿಂತ ಭಿನ್ನವಾದ ಒಂದು ವ್ಯಾಧಿ ಇದೆ. ಅದುವೇ ಶ್ವಾಸಕೋಶದ ಕೀವುಕುರು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಮಾಟುಂಗಾದ ಒಂದು ಉಪಾಹಾರ ಗೃಹದಲ್ಲಿ ಇಪ್ಪತ್ತೈದು ವರ್ಷಗಳಿಂದ ದುಡಿಯುತ್ತಿರುವ, ಉಡುಪಿ ಜಿಲ್ಲೆಯ ಕಡೆಯಿಂದ ಬಂದ, ನಲವತ್ತೈದರ ವಯಸ್ಸಿನ ಒಬ್ಬ ಅಡುಗೆ ಕೆಲಸಗಾರ. ಹಲ್ಲುಗಳು ಹುಳುಕಾಗಿವೆ, ವಸಡುಗಳಿಂದ ಆಗಾಗ ರಕ್ತ ಬರುತ್ತದೆ. ಕೆಲಸ ಮುಗಿದ ಮೇಲೆ ರಾತ್ರಿ ಮದ್ಯಪಾನದ ಅಭ್ಯಾಸವುಂಟು. ಮೂರು ವಾರಗಳಿಂದ ಜ್ವರ, ಬೆವರು, ಎದೆನೋವು. ಒಂದು ಬೆಳಿಗ್ಗೆ ಕೆಮ್ಮಿದಾಗ ಬಟ್ಟಲು ತುಂಬುವಷ್ಟು ದುರ್ಗಂಧಯುಕ್ತ ಕಫ ಹೊರಬರುತ್ತದೆ. ವಾಸನೆಯನ್ನು ತಾಳಲಾರದೆ ಒಂದೇ ಕೊಠಡಿಯಲ್ಲಿ ಮಲಗುವ ಸಂಗಡಿಗರು ಅವನನ್ನು ದೂರವಿಡುತ್ತಾರೆ. ಕ್ಷಯವೆಂದು ತಾನೇ ನಿರ್ಣಯಿಸಿಕೊಂಡ ಆತನು ಊರಿಗೆ ಮರಳುವ ಯೋಚನೆ ಮಾಡುತ್ತಾನೆ. ಇಂತಹ ಒಬ್ಬ ವ್ಯಕ್ತಿಯ ಎದೆಯೊಳಗೆ ನಡೆದಿರಬಹುದಾದುದೇನು, ಅದು ಏಕೆ ನಡೆಯಿತು, ಅದನ್ನು ತಡೆಯಬಹುದಾಗಿತ್ತೇ ಎಂಬ ಪ್ರಶ್ನೆಗಳೇ ಈ ಉಪನ್ಯಾಸದ ವಿಷಯ.

ಕೀವುಕುರು ಎಂದರೇನು?

ಶರೀರದ ಯಾವುದೇ ಭಾಗದಲ್ಲಿ ಸೋಂಕು ತಗಲಿ, ಅಲ್ಲಿಯ ಅಂಗಾಂಶ ಸತ್ತು ದ್ರವವಾಗಿ, ಕೀವು ಒಂದೆಡೆ ಶೇಖರವಾದರೆ ಅದನ್ನು ಕುರು ಎನ್ನುತ್ತಾರೆ. ಆಯುರ್ವೇದ ಗ್ರಂಥಗಳಲ್ಲಿ ಇದಕ್ಕೆ ವಿದ್ರಧಿ ಎಂಬ ಹೆಸರಿದೆ. ಚರ್ಮದ ಮೇಲೆ ಎದ್ದ ಕುರುವನ್ನು ಎಲ್ಲರೂ ಬಲ್ಲರು. ಅದು ಕೆಂಪಗಾಗುತ್ತದೆ, ನೋಯುತ್ತದೆ, ಹಣ್ಣಾಗುತ್ತದೆ, ಕೊನೆಗೆ ಒಡೆದು ಕೀವು ಹರಿಯುತ್ತದೆ. ಇದೇ ಪ್ರಕ್ರಿಯೆ ಕಣ್ಣಿಗೆ ಕಾಣದಂತೆ ಶ್ವಾಸಕೋಶದ ಒಳಗೆ ನಡೆದಾಗ ಅದು ಶ್ವಾಸಕೋಶದ ಕೀವುಕುರುವೆನಿಸುತ್ತದೆ. ಸಾಮಾನ್ಯವಾಗಿ 2 ಸೆಂಟಿಮೀಟರಿಗಿಂತ ಹೆಚ್ಚು ವ್ಯಾಸವುಳ್ಳ ಕುಹರವನ್ನು ಈ ಹೆಸರಿನಿಂದ ಕರೆಯುವುದು ವೈದ್ಯರ ರೂಢಿ. ಅದಕ್ಕಿಂತ ಚಿಕ್ಕವಾದ ಅನೇಕ ಕುಹರಗಳು ಒಟ್ಟಿಗೆ ಉಂಟಾದರೆ ಅದನ್ನು ಅಂಗಾಂಶವನ್ನು ಕೊಳೆಯಿಸುವ ನ್ಯುಮೋನಿಯ ಎನ್ನುತ್ತಾರೆ. ಇವೆರಡೂ ಒಂದೇ ಪ್ರಕ್ರಿಯೆಯ ಎರಡು ರೂಪಗಳು.

ಶ್ವಾಸಕೋಶದ ಕಾವಲು ವ್ಯವಸ್ಥೆ

ರೋಗದ ಕಾರಣವನ್ನು ಅರಿಯುವ ಮೊದಲು ಆರೋಗ್ಯದ ಕಾರಣವನ್ನು ಅರಿಯುವುದು ಉಚಿತ. ಮನುಷ್ಯನ ಬಾಯಿಯಲ್ಲಿ ಅಸಂಖ್ಯಾತ ಬ್ಯಾಕ್ಟೀರಿಯಗಳು ಸದಾ ವಾಸವಾಗಿರುತ್ತವೆ. ಒಂದು ಮಿಲಿಲೀಟರಿನಷ್ಟು ಜೊಲ್ಲಿನಲ್ಲಿಯೇ ಅವುಗಳ ಸಂಖ್ಯೆ ಕೋಟಿಗಳಲ್ಲಿರುತ್ತದೆ. ಹಲ್ಲು ಮತ್ತು ವಸಡುಗಳ ನಡುವಣ ಸಂದಿಗಳಲ್ಲಿ ಅವು ಇನ್ನೂ ದಟ್ಟವಾಗಿ ನೆಲೆಸಿರುತ್ತವೆ. ಅಲ್ಲಿಯ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಆಮ್ಲಜನಕವಿಲ್ಲದ ಸ್ಥಳದಲ್ಲಿ ಬೆಳೆಯುವಂಥವು. ಇವುಗಳನ್ನು ಅವಾಯುಜೀವಿಗಳೆಂದು ಕರೆಯುತ್ತಾರೆ.

ಬಾಯಿಗೂ ಶ್ವಾಸಕೋಶಕ್ಕೂ ಇರುವ ದೂರ ಕೇವಲ ಒಂದು ಗೇಣು. ಆದರೂ ಬಾಯಿಯ ಮಲಿನ ದ್ರವ ಶ್ವಾಸಕೋಶಕ್ಕಿಳಿದು ರೋಗವನ್ನುಂಟುಮಾಡುವುದು ವಿರಳ. ಇದಕ್ಕೆ ಶರೀರವು ಏರ್ಪಡಿಸಿಕೊಂಡಿರುವ ಕಾವಲೇ ಕಾರಣ. ನುಂಗುವಾಗ ಧ್ವನಿಪೆಟ್ಟಿಗೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ಅಗುಳು ದಾರಿ ತಪ್ಪಿದರೂ ಪ್ರಬಲವಾದ ಕೆಮ್ಮು ಅದನ್ನು ಹೊರದೂಡುತ್ತದೆ. ಶ್ವಾಸನಾಳಗಳ ಒಳಗೋಡೆಯ ಸೂಕ್ಷ್ಮ ರೋಮಗಳು ಲೋಳೆಯ ಪದರವನ್ನು ಎಡೆಬಿಡದೆ ಗಂಟಲಿನತ್ತ ಸಾಗಿಸುತ್ತವೆ. ಇವೆಲ್ಲವನ್ನೂ ತಪ್ಪಿಸಿಕೊಂಡು ಗಾಳಿಗೂಡುಗಳನ್ನು ತಲುಪಿದ ಬ್ಯಾಕ್ಟೀರಿಯಗಳನ್ನು ಅಲ್ಲಿರುವ ಭಕ್ಷಕ ಕಣಗಳು ನುಂಗಿ ನಾಶಪಡಿಸುತ್ತವೆ. ಗಾಢ ನಿದ್ರೆಯಲ್ಲಿ ಆರೋಗ್ಯವಂತರಲ್ಲಿಯೂ ಅಲ್ಪ ಪ್ರಮಾಣದ ಜೊಲ್ಲು ಶ್ವಾಸನಾಳಕ್ಕಿಳಿಯುವುದುಂಟು. ಕಾವಲು ಸುಸ್ಥಿತಿಯಲ್ಲಿರುವವರೆಗೆ ಅದರಿಂದ ಅಪಾಯವಿಲ್ಲ.

ಕಾವಲು ಸಡಿಲಿದಾಗ ಮತ್ತು ಒಳನುಗ್ಗುವ ದ್ರವ ಹೆಚ್ಚು ಮಲಿನವಾಗಿದ್ದಾಗ ಕೀವುಕುರುವಿಗೆ ಮಾರ್ಗ ತೆರೆಯುತ್ತದೆ. ಈ ಎರಡು ಸಂಗತಿಗಳನ್ನು ನೆನಪಿಟ್ಟುಕೊಂಡರೆ ರೋಗಕಾರಣದ ಬಹುಭಾಗ ತಿಳಿದಂತೆಯೇ.

ಕಾರಣಗಳು

ಮೊದಲನೆಯ ಮತ್ತು ಅತಿ ಸಾಮಾನ್ಯವಾದ ಕಾರಣವೆಂದರೆ ಎಚ್ಚರ ತಪ್ಪಿದ ಸ್ಥಿತಿಯಲ್ಲಿ ಬಾಯಿಯ ಅಥವಾ ಜಠರದ ದ್ರವ ಶ್ವಾಸಕೋಶಕ್ಕೆ ಸೇರುವುದು. ಅತಿಯಾದ ಮದ್ಯಪಾನ, ಮೂರ್ಛೆರೋಗ, ಪಾರ್ಶ್ವವಾಯು, ತಲೆಯ ಪೆಟ್ಟು, ನಿದ್ರಾಗುಳಿಗೆಗಳ ಅತಿಸೇವನೆ, ಶಸ್ತ್ರಚಿಕಿತ್ಸೆಯ ಅರಿವಳಿಕೆ, ಇವುಗಳಲ್ಲಿ ಕೆಮ್ಮುವ ಶಕ್ತಿ ಕುಂದುತ್ತದೆ. ಅನ್ನನಾಳದ ರೋಗಗಳಿಂದ ನುಂಗುವುದು ಕಷ್ಟವಾದವರಲ್ಲಿಯೂ ಇದೇ ಅಪಾಯವಿದೆ.

ಈ ವಿಷಯದಲ್ಲಿ ವೈದ್ಯಶಾಸ್ತ್ರವು ಕಲಿತ ಪಾಠ ಸ್ವಾರಸ್ಯಕರವಾದುದು. 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಗಂಟಲಿನ ಟಾನ್ಸಿಲ್ ಗ್ರಂಥಿಗಳನ್ನು ತೆಗೆಯುವ ಮತ್ತು ಹಲ್ಲು ಕೀಳುವ ಶಸ್ತ್ರಚಿಕಿತ್ಸೆಗಳನ್ನು ರೋಗಿಯನ್ನು ಕುಳ್ಳಿರಿಸಿ, ಪೂರ್ಣ ಅರಿವಳಿಕೆ ನೀಡಿ ಮಾಡುತ್ತಿದ್ದುದುಂಟು. ಅನಂತರ ಕೆಲವರಿಗೆ ಶ್ವಾಸಕೋಶದಲ್ಲಿ ಕೀವುಕುರು ಉಂಟಾಗುತ್ತಿತ್ತು. ಸೋಂಕು ರಕ್ತದ ಮೂಲಕ ಹೋಗುತ್ತದೆಯೇ, ಶ್ವಾಸನಾಳದ ಮೂಲಕ ಇಳಿಯುತ್ತದೆಯೇ ಎಂಬ ಚರ್ಚೆ ನಡೆಯಿತು. 1920ರ ದಶಕದಲ್ಲಿ ಅಮೆರಿಕದ ಡೇವಿಡ್ ಸ್ಮಿತ್ ಎಂಬ ವೈದ್ಯ ವಿಜ್ಞಾನಿ ರೋಗಗ್ರಸ್ತ ವಸಡುಗಳಿಂದ ತೆಗೆದ ದ್ರವ್ಯವನ್ನು ಪ್ರಾಣಿಗಳ ಶ್ವಾಸನಾಳಕ್ಕೆ ಸೇರಿಸಿ, ಮನುಷ್ಯರಲ್ಲಿ ಕಾಣುವಂತಹ ಕೀವುಕುರುವನ್ನೇ ಅವುಗಳಲ್ಲಿ ಉಂಟುಮಾಡಿ ತೋರಿಸಿದನು. ಒಂದೇ ಜಾತಿಯ ಬ್ಯಾಕ್ಟೀರಿಯದಿಂದಲ್ಲ, ಹಲವು ಜಾತಿಗಳ ಸಹಯೋಗದಿಂದ ಈ ರೋಗ ಹುಟ್ಟುತ್ತದೆಂಬುದೂ ಅಂತಹ ಪ್ರಯೋಗಗಳಿಂದ ಸ್ಪಷ್ಟವಾಯಿತು. ಬಾಯಿಯ ಕೊಳೆಗೂ ಶ್ವಾಸಕೋಶದ ಕೀವಿಗೂ ಇರುವ ನೇರ ಸಂಬಂಧ ಹೀಗೆ ಸಿದ್ಧವಾಯಿತು.

ಆದುದರಿಂದಲೇ ಎರಡನೆಯ ಕಾರಣವಾಗಿ ಹಲ್ಲು ಮತ್ತು ವಸಡುಗಳ ರೋಗವನ್ನು ಹೇಳಬೇಕಾಗುತ್ತದೆ. ವಸಡುಗಳಲ್ಲಿ ಕೀವಾಗಿರುವ ವ್ಯಕ್ತಿಯ ಜೊಲ್ಲಿನ ಒಂದು ತೊಟ್ಟು ಸಹ ಅವಾಯುಜೀವಿಗಳ ಭಂಡಾರ. ಮುಂಬಯಿಯಲ್ಲಿ ಹಾಗೂ ಮಹಾರಾಷ್ಟ್ರದ ಇತರೆಡೆಗಳಲ್ಲಿ ಸುಟ್ಟ ತಂಬಾಕಿನ ಪುಡಿಯಾದ ಮಿಶ್ರಿಯಿಂದ ಹಲ್ಲುಜ್ಜುವ ರೂಢಿ ಇದೆ. ತಂಬಾಕು, ಗುಟ್ಕಾಗಳನ್ನು ಬಾಯಿಯಲ್ಲಿಟ್ಟುಕೊಳ್ಳುವ ಚಟವೂ ವ್ಯಾಪಕವಾಗಿದೆ. ಇವು ಹಲ್ಲನ್ನು ಶುದ್ಧಗೊಳಿಸುವುದಿಲ್ಲ, ವಸಡನ್ನು ಕೆಡಿಸುತ್ತವೆ. ವೈದ್ಯ ವಿದ್ಯಾರ್ಥಿಗಳಿಗೆ ಹೇಳಿಕೊಡುವ ಒಂದು ಹಳೆಯ ಸೂತ್ರ ಇಲ್ಲಿ ಉಲ್ಲೇಖಾರ್ಹ: ಬಾಯಿಯಲ್ಲಿ ಒಂದೂ ಹಲ್ಲಿಲ್ಲದ ವೃದ್ಧನಲ್ಲಿ ಕೀವುಕುರು ಅಪರೂಪ. ಅಂತಹವನಲ್ಲಿ ಅದು ಕಂಡುಬಂದರೆ ಶ್ವಾಸನಾಳವನ್ನು ಕ್ಯಾನ್ಸರ್ ಗಡ್ಡೆ ಅಡ್ಡಗಟ್ಟಿದೆಯೇ ಎಂದು ಮೊದಲು ನೋಡಬೇಕು.

ಇದರಿಂದ ಮೂರನೆಯ ಕಾರಣ ಗೊತ್ತಾಗುತ್ತದೆ. ಶ್ವಾಸನಾಳದ ಒಂದು ಕವಲು ಮುಚ್ಚಿಕೊಂಡಾಗ ಅದರಾಚೆಯ ಭಾಗದಿಂದ ಕಫ ಹೊರಬರಲಾರದೆ ನಿಂತು ಕೊಳೆಯುತ್ತದೆ. ವಯಸ್ಕರಲ್ಲಿ, ಮುಖ್ಯವಾಗಿ ಬೀಡಿ ಸಿಗರೇಟು ಸೇದುವವರಲ್ಲಿ, ಈ ತಡೆಗೆ ಕ್ಯಾನ್ಸರ್ ಕಾರಣವಾಗಿರಬಹುದು. ಮಕ್ಕಳಲ್ಲಿ ಶೇಂಗಾಬೀಜ, ಹುಣಿಸೆಬೀಜ, ತೆಂಗಿನಕಾಯಿಯ ಚೂರು ಮುಂತಾದುವು ಸಿಕ್ಕಿಕೊಂಡು ವಾರಗಳ ಬಳಿಕ ಜ್ವರ ಮತ್ತು ಕೀವಿನ ರೂಪದಲ್ಲಿ ಪ್ರಕಟವಾಗಬಹುದು.

ನಾಲ್ಕನೆಯದಾಗಿ, ಉಗ್ರ ಸ್ವರೂಪದ ನ್ಯುಮೋನಿಯದಿಂದಲೇ ಕುರು ಉಂಟಾಗಬಹುದು. ಸ್ಟ್ಯಾಫಿಲೊಕಾಕಸ್ ಮತ್ತು ಕ್ಲೆಬ್ಸಿಯೆಲ್ಲ ಎಂಬ ಬ್ಯಾಕ್ಟೀರಿಯಗಳು ಈ ಬಗೆಯ ಹಾನಿಗೆ ಹೆಸರಾದವು. ಫ್ಲೂ ಜ್ವರದ ಬೆನ್ನ ಹಿಂದೆಯೇ ಮೊದಲನೆಯದು ಆಕ್ರಮಿಸುವುದುಂಟು. ಸಕ್ಕರೆಕಾಯಿಲೆಯವರಲ್ಲಿ ಮತ್ತು ಮದ್ಯವ್ಯಸನಿಗಳಲ್ಲಿ ಎರಡನೆಯದು ಹೆಚ್ಚು.

ಐದನೆಯದಾಗಿ, ಸೋಂಕು ಬೇರೆಡೆಯಿಂದ ಬರಬಹುದು. ಹೃದಯದ ಬಲಭಾಗದ ಕವಾಟಕ್ಕೆ ಸೋಂಕು ತಗಲಿದಾಗ ಅಥವಾ ಅಶುದ್ಧ ಸೂಜಿಯಿಂದ ಮಾದಕ ವಸ್ತುಗಳನ್ನು ಚುಚ್ಚಿಕೊಂಡಾಗ ಸೋಂಕಿನ ತುಣುಕುಗಳು ರಕ್ತದೊಡನೆ ಶ್ವಾಸಕೋಶವನ್ನು ಸೇರುತ್ತವೆ. ಆಗ ಕುರುಗಳು ಎರಡೂ ಶ್ವಾಸಕೋಶಗಳಲ್ಲಿ, ಹಲವೆಡೆ, ಹರಡಿಕೊಂಡಿರುತ್ತವೆ. ಕಲುಷಿತ ನೀರು ಮತ್ತು ಆಹಾರದಿಂದ ಬರುವ ಅಮೀಬಾ ಭೇದಿಯ ಜೀವಿಯು ಯಕೃತ್ತಿನಲ್ಲಿ ಕುರುವನ್ನುಂಟುಮಾಡಿ, ಅದು ವಪೆಯನ್ನು ಭೇದಿಸಿ ಬಲ ಶ್ವಾಸಕೋಶದೊಳಗೆ ಒಡೆಯುವುದೂ ಉಂಟು. ಅಂತಹ ರೋಗಿ ಕೆಮ್ಮಿದಾಗ ಚಾಕೊಲೇಟಿನಂತಹ ಕಂದುಬಣ್ಣದ ದ್ರವ ಹೊರಬರುತ್ತದೆ.

ಮಣ್ಣಿನಿಂದ ಬರುವ ಒಂದು ಸೋಂಕು

ಮುಂಬಯಿಯ ಕನ್ನಡಿಗರು ವಿಶೇಷವಾಗಿ ತಿಳಿದಿರಬೇಕಾದ ಇನ್ನೊಂದು ಕಾರಣವಿದೆ. 1911ರಲ್ಲಿ ರಂಗೂನಿನ ಆಸ್ಪತ್ರೆಯಲ್ಲಿ ಆಲ್ಫ್ರೆಡ್ ವಿಟ್ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ ಎಂಬ ವೈದ್ಯರು ಮೃತದೇಹಗಳ ಪರೀಕ್ಷೆಯಲ್ಲಿ ಶ್ವಾಸಕೋಶ ಮತ್ತಿತರ ಅಂಗಗಳಲ್ಲಿ ಕುರುಗಳನ್ನುಂಟುಮಾಡುವ ಒಂದು ಹೊಸ ಬ್ಯಾಕ್ಟೀರಿಯವನ್ನು ಗುರುತಿಸಿದರು. ಅದರಿಂದ ಬರುವ ರೋಗಕ್ಕೆ ಮೆಲಿಯಾಯ್ಡೋಸಿಸ್ ಎಂದು ಹೆಸರು. ಈ ಜೀವಿಯು ಉಷ್ಣವಲಯದ ಮಣ್ಣಿನಲ್ಲಿಯೂ ನಿಂತ ನೀರಿನಲ್ಲಿಯೂ ಇರುತ್ತದೆ. ಮಳೆಗಾಲದಲ್ಲಿ ಗಾಯದ ಮೂಲಕ, ಉಸಿರಿನ ಮೂಲಕ ಅಥವಾ ನೀರಿನ ಮೂಲಕ ಶರೀರವನ್ನು ಪ್ರವೇಶಿಸುತ್ತದೆ. ಭಾರತದಲ್ಲಿಯೇ ಸೋಂಕು ತಗಲಿದ ರೋಗಿಯ ಮೊದಲ ವರದಿ 1991ರಲ್ಲಿ ಮುಂಬಯಿಯಿಂದ ಪ್ರಕಟವಾಯಿತು. ಆ ಬಳಿಕ ಕರ್ನಾಟಕದ ಕರಾವಳಿಯ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಆಸ್ಪತ್ರೆಗಳಿಂದ ಅನೇಕ ರೋಗಿಗಳ ವರದಿಗಳು ಬಂದಿವೆ.

ಮುಂಬಯಿಯ ಹೋಟೆಲು, ಅಂಗಡಿ, ಕಚೇರಿಗಳಲ್ಲಿ ದುಡಿಯುವ ಸಾವಿರಾರು ಕುಟುಂಬಗಳಿಗೆ ಈ ಜಿಲ್ಲೆಗಳೇ ತವರು. ಮಳೆಗಾಲದಲ್ಲಿ ಊರಿಗೆ ಹೋಗಿ ಗದ್ದೆಯಲ್ಲಿ ಇಳಿದು ದುಡಿದು ಬರುವವರಿದ್ದಾರೆ. ಅವರಲ್ಲಿ ಸಕ್ಕರೆಕಾಯಿಲೆಯುಳ್ಳವರಿಗೆ ಈ ಸೋಂಕಿನ ಅಪಾಯ ಹೆಚ್ಚು. ರೋಗಲಕ್ಷಣಗಳೂ ಕ್ಷಕಿರಣ ಚಿತ್ರವೂ ಕ್ಷಯವನ್ನೇ ಹೋಲುತ್ತವೆ. ಆದರೆ ಕ್ಷಯದ ಔಷಧಗಳಿಂದ ಇದು ಗುಣವಾಗದು. ಪ್ರಯೋಗಶಾಲೆಯಲ್ಲಿಯೂ ಅನುಭವವಿಲ್ಲದವರು ಇದನ್ನು ಬೇರೊಂದು ಸಾಮಾನ್ಯ ಬ್ಯಾಕ್ಟೀರಿಯವೆಂದು ಭ್ರಮಿಸುವ ಸಂಭವವುಂಟು. ಸರಿಯಾಗಿ ಗುರುತಿಸಿದರೆ ಕನಿಷ್ಠ ಎರಡು ವಾರಗಳ ಕಾಲ ರಕ್ತನಾಳದ ಮೂಲಕ ಕೊಡುವ ಔಷಧ, ಅನಂತರ ತಿಂಗಳುಗಟ್ಟಲೆ ಗುಳಿಗೆಗಳು, ಹೀಗೆ ಚಿಕಿತ್ಸೆ ನಡೆಯುತ್ತದೆ. ಗುರುತಿಸದೆ ಹೋದರೆ ಪ್ರಾಣಕ್ಕೇ ಅಪಾಯ. ಆದಕಾರಣ, "ಇತ್ತೀಚೆಗೆ ಊರಿಗೆ ಹೋಗಿದ್ದೆ, ಕೆಸರಿನಲ್ಲಿ ಕೆಲಸ ಮಾಡಿದ್ದೆ, ಸಕ್ಕರೆಕಾಯಿಲೆ ಇದೆ" ಎಂಬ ಮೂರು ಮಾತುಗಳನ್ನು ರೋಗಿಯು ವೈದ್ಯರಿಗೆ ತಾನಾಗಿಯೇ ತಿಳಿಸುವುದು ಅತ್ಯವಶ್ಯ.

ರೋಗವು ಬೆಳೆಯುವ ಬಗೆ

ಮಲಿನ ದ್ರವವು ಶ್ವಾಸಕೋಶದ ಯಾವ ಭಾಗವನ್ನು ಸೇರುತ್ತದೆ ಎಂಬುದನ್ನು ನಿರ್ಧರಿಸುವುದು ಗುರುತ್ವಾಕರ್ಷಣೆ. ಬಲಗಡೆಯ ಮುಖ್ಯ ಶ್ವಾಸನಾಳವು ಎಡಗಡೆಯದಕ್ಕಿಂತ ಅಗಲವಾಗಿ, ಗಿಡ್ಡವಾಗಿ, ಹೆಚ್ಚು ನೆಟ್ಟಗೆ ಇಳಿಯುತ್ತದೆ. ಹೀಗಾಗಿ ಬಲ ಶ್ವಾಸಕೋಶದಲ್ಲಿ ಕೀವುಕುರು ಹೆಚ್ಚು. ಅಂಗಾತ ಮಲಗಿದವನಲ್ಲಿ ಮೇಲಿನ ಹಾಲೆಯ ಹಿಂಭಾಗವೂ ಕೆಳಗಿನ ಹಾಲೆಯ ಮೇಲ್ತುದಿಯೂ ತಗ್ಗಿನ ಸ್ಥಳಗಳಾಗುತ್ತವೆ. ಆದುದರಿಂದ ಕುರುಗಳು ಹೆಚ್ಚಾಗಿ ಅಲ್ಲಿಯೇ ಏಳುತ್ತವೆ. ಲಂಡನ್ನಿನ ಶಸ್ತ್ರವೈದ್ಯ ರಸೆಲ್ ಬ್ರಾಕ್ 1946ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಶ್ವಾಸನಾಳದ ಕವಲುಗಳ ರಚನೆಯನ್ನು ಕೀವುಕುರುವಿನ ದೃಷ್ಟಿಯಿಂದಲೇ ವಿವರಿಸಿದ್ದಾನೆ. ರೋಗಿ ಮಲಗಿದ್ದ ಭಂಗಿಗೂ ಕುರುವಿನ ಸ್ಥಳಕ್ಕೂ ಇರುವ ಸಂಬಂಧವನ್ನು ವೈದ್ಯರು ಅರಿತದ್ದು ಇಂತಹ ಅಧ್ಯಯನಗಳಿಂದ.

ದ್ರವ ಇಳಿದ ಮೊದಲ ದಿನಗಳಲ್ಲಿ ಆ ಭಾಗದಲ್ಲಿ ಉರಿಯೂತ ಪ್ರಾರಂಭವಾಗುತ್ತದೆ. ರಕ್ತನಾಳಗಳು ಹಿಗ್ಗುತ್ತವೆ, ಬಿಳಿಯ ರಕ್ತಕಣಗಳು ಗುಂಪುಗುಂಪಾಗಿ ಬಂದು ಗಾಳಿಗೂಡುಗಳನ್ನು ತುಂಬುತ್ತವೆ, ಮೃದುವಾದ ಶ್ವಾಸಕೋಶ ಗಟ್ಟಿಯಾಗುತ್ತದೆ. ಇದು ನ್ಯುಮೋನಿಯದ ಹಂತ. ಇಲ್ಲಿಯೇ ತಕ್ಕ ಚಿಕಿತ್ಸೆ ದೊರೆತರೆ ಅಂಗಾಂಶಕ್ಕೆ ಶಾಶ್ವತ ಹಾನಿಯಾಗದೆ ರೋಗ ಶಮನವಾಗುತ್ತದೆ.

ಚಿಕಿತ್ಸೆ ದೊರೆಯದಿದ್ದರೆ ಒಂದೆರಡು ವಾರಗಳಲ್ಲಿ ಎರಡನೆಯ ಹಂತ ಬರುತ್ತದೆ. ಬ್ಯಾಕ್ಟೀರಿಯಗಳ ವಿಷವಸ್ತುಗಳಿಂದಲೂ, ಸಾಯುತ್ತಿರುವ ಬಿಳಿಯ ಕಣಗಳು ಹೊರಸೂಸುವ ಕಿಣ್ವಗಳಿಂದಲೂ, ಚಿಕ್ಕ ರಕ್ತನಾಳಗಳು ಹೆಪ್ಪುಗಟ್ಟಿ ಮುಚ್ಚುವುದರಿಂದಲೂ ಆ ಭಾಗದ ಅಂಗಾಂಶ ಸಾಯುತ್ತದೆ. ರಕ್ತ ಬಾರದ ಸ್ಥಳದಲ್ಲಿ ಆಮ್ಲಜನಕವೂ ಕಡಿಮೆ. ಆಮ್ಲಜನಕ ಕಡಿಮೆಯಾದಷ್ಟೂ ಅವಾಯುಜೀವಿಗಳಿಗೆ ಅನುಕೂಲ. ಹೀಗೆ ಒಂದು ವಿಷವರ್ತುಲ ನಿರ್ಮಾಣವಾಗಿ, ಸತ್ತ ಅಂಗಾಂಶ ಕರಗಿ ಕೀವಾಗುತ್ತದೆ.

ಮೂರನೆಯ ಹಂತದಲ್ಲಿ ಕೀವಿನ ಗುಳಿಯು ಸಮೀಪದ ಶ್ವಾಸನಾಳದೊಳಕ್ಕೆ ಒಡೆಯುತ್ತದೆ. ಉದಾಹರಣೆಯ ಅಡುಗೆ ಕೆಲಸಗಾರನು ಒಂದು ಬೆಳಿಗ್ಗೆ ಬಟ್ಟಲು ತುಂಬ ಕಫವನ್ನು ಉಗುಳಿದ ಕ್ಷಣ ಇದುವೇ. ಆ ಅಸಹನೀಯ ದುರ್ಗಂಧ ಅವಾಯುಜೀವಿಗಳ ಗುರುತು. ಕೀವಿನ ಸ್ವಲ್ಪ ಭಾಗ ಹೊರಹೋಗಿ ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ನಿಂತ ಭಂಗಿಯಲ್ಲಿ ತೆಗೆದ ಕ್ಷಕಿರಣ ಚಿತ್ರದಲ್ಲಿ ಅರ್ಧ ತುಂಬಿದ ಗಡಿಗೆಯಂತೆ, ಕೆಳಗೆ ದ್ರವ, ಮೇಲೆ ಗಾಳಿ, ನಡುವೆ ಗೆರೆ ಎಳೆದಂತಹ ಸಮತಲ ಕಾಣಿಸುತ್ತದೆ. ವೈದ್ಯರು ಈ ರೋಗವನ್ನು ಗುರುತಿಸುವ ಮುಖ್ಯ ಚಿಹ್ನೆಗಳಲ್ಲಿ ಇದೊಂದು.

ನಾಲ್ಕನೆಯ ಹಂತ ದೀರ್ಘಾವಧಿಯದು. ಆರು ವಾರಗಳನ್ನು ಮೀರಿ ರೋಗ ಉಳಿದರೆ ಕುಹರದ ಸುತ್ತ ನಾರಿನ ದಪ್ಪ ಗೋಡೆ ಬೆಳೆಯುತ್ತದೆ. ಔಷಧ ಒಳಹೋಗುವುದೂ ಕುಹರ ಕುಗ್ಗುವುದೂ ಕಷ್ಟವಾಗುತ್ತದೆ. ಬೆರಳ ತುದಿಗಳು ಉಬ್ಬಿ ಡೋಲಿನ ಕೋಲಿನ ತುದಿಯಂತಾಗುತ್ತವೆ. ಕೀವು ಶ್ವಾಸಕೋಶದ ಹೊರಪೊರೆಗೆ ಒಡೆದು ಎದೆಗೂಡಿನಲ್ಲಿ ತುಂಬಬಹುದು. ಗೋಡೆಯಲ್ಲಿರುವ ರಕ್ತನಾಳ ಸವೆದು ಅಪಾರ ರಕ್ತಸ್ರಾವವಾಗಬಹುದು. ಸೋಂಕು ರಕ್ತದೊಡನೆ ಮಿದುಳನ್ನು ಸೇರಿ ಅಲ್ಲಿಯೂ ಕುರುವನ್ನುಂಟುಮಾಡಬಹುದು.

ಕ್ಷಯವೇ, ಕೀವುಕುರುವೇ?

ಈ ಪ್ರಶ್ನೆಯನ್ನು ರೋಗಿಯಾಗಲಿ, ನೆರೆಹೊರೆಯವರಾಗಲಿ, ಔಷಧದಂಗಡಿಯವರಾಗಲಿ ನಿರ್ಣಯಿಸಲಾಗದು. ಕ್ಷಯದ ಕುಹರಗಳೂ ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿರುತ್ತವೆ. ಜ್ವರ, ಬೆವರು, ತೂಕದ ಇಳಿಕೆ, ರಕ್ತ ಬೆರೆತ ಕಫ ಎರಡರಲ್ಲಿಯೂ ಸಮಾನ. ಕಫದ ಪ್ರಮಾಣ ಬಹಳವಾಗಿದ್ದು ದುರ್ಗಂಧವಿದ್ದರೆ ಕೀವುಕುರುವಿನ ಸಂಶಯ ಬಲವಾಗುತ್ತದೆ. ದುರ್ಗಂಧವಿಲ್ಲದ ಮಾತ್ರಕ್ಕೆ ಅದಲ್ಲವೆಂದು ಹೇಳುವಂತಿಲ್ಲ. ಕಫದ ಪರೀಕ್ಷೆಯೇ ನಿರ್ಣಾಯಕ. ಆದುದರಿಂದ ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಮೊದಲು ನಡೆಯಬೇಕು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವು 1997ರಲ್ಲಿ ಪರಿಷ್ಕೃತವಾಗಿ, 2020ರಿಂದ ರಾಷ್ಟ್ರೀಯ ಕ್ಷಯರೋಗ ನಿರ್ಮೂಲನ ಕಾರ್ಯಕ್ರಮ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಅದರ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಕ್ಷಯದ ಜೀವಾಣು ಕಂಡುಬರದೆ, ಕುಹರ ಮಾತ್ರ ಕಂಡರೆ, ಬೇರೆ ಕಾರಣಗಳನ್ನು ಶೋಧಿಸುವುದು ವೈದ್ಯರ ಕರ್ತವ್ಯ, ಅದಕ್ಕೆ ಸಹಕರಿಸುವುದು ರೋಗಿಯ ಕರ್ತವ್ಯ. ಅಗತ್ಯವೆನಿಸಿದರೆ ಸಿ.ಟಿ. ಸ್ಕ್ಯಾನ್ ಮತ್ತು ಶ್ವಾಸನಾಳದರ್ಶಕದ ಪರೀಕ್ಷೆ ನಡೆಸಲಾಗುತ್ತದೆ.

ಔಷಧದಂಗಡಿಯಿಂದ ತಾವಾಗಿಯೇ ಪ್ರತಿಜೈವಿಕಗಳನ್ನು ಕೊಂಡು ನುಂಗುವುದು ಎರಡು ಬಗೆಯಲ್ಲಿ ಹಾನಿಕರ. ಕೀವುಕುರುವಿಗೆ ವಾರಗಟ್ಟಲೆಯ ಚಿಕಿತ್ಸೆ ಬೇಕಾಗಿರುವಾಗ ಐದು ದಿನಗಳ ಗುಳಿಗೆಗಳು ಜ್ವರವನ್ನು ಅಡಗಿಸುತ್ತವೆಯೇ ಹೊರತು ರೋಗವನ್ನಲ್ಲ. ಕ್ಷಯವೇ ಆಗಿದ್ದಲ್ಲಿ, ಕೆಲವು ಪ್ರತಿಜೈವಿಕಗಳು ಅದನ್ನು ಅರೆಬರೆಯಾಗಿ ಶಮನಗೊಳಿಸಿ ನಿದಾನವನ್ನು ತಡಮಾಡುತ್ತವೆ. ಈ ದುರುಪಯೋಗವನ್ನು ತಡೆಯಲೆಂದೇ ಕೇಂದ್ರ ಸರ್ಕಾರವು ಅನೇಕ ಪ್ರತಿಜೈವಿಕಗಳನ್ನೂ ಕ್ಷಯದ ಔಷಧಗಳನ್ನೂ ಎಚ್-1 ಅನುಸೂಚಿಗೆ ಸೇರಿಸಿತು. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಈ ನಿಯಮದಂತೆ ಇವುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಾಟವನ್ನು ದಾಖಲಿಸಿಡಬೇಕು.

ಚಿಕಿತ್ಸೆ

ಪ್ರತಿಜೈವಿಕಗಳಿಲ್ಲದ ಕಾಲದಲ್ಲಿ ಈ ರೋಗಕ್ಕೆ ತುತ್ತಾದವರಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ಸಾಯುತ್ತಿದ್ದರು, ಇನ್ನೊಂದು ಭಾಗ ದೀರ್ಘಕಾಲ ನರಳುತ್ತಿದ್ದರು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್ 1940ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಇಂದು ಬಹುಪಾಲು ರೋಗಿಗಳು ಔಷಧದಿಂದಲೇ ಗುಣಹೊಂದುತ್ತಾರೆ. ಸಾಮಾನ್ಯವಾಗಿ ಮೂರರಿಂದ ಆರು ವಾರ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ, ಕ್ಷಕಿರಣ ಚಿತ್ರ ತಿಳಿಯಾಗುವವರೆಗೆ ಚಿಕಿತ್ಸೆ ಮುಂದುವರಿಯಬೇಕು. ಕುಹರವಿರುವ ಭಾಗ ಮೇಲಕ್ಕೆ ಬರುವಂತೆ ರೋಗಿಯನ್ನು ಮಲಗಿಸಿ ಕೀವು ತಾನಾಗಿ ಹರಿದು ಬರುವಂತೆ ಮಾಡುವ ವಿಧಾನವೂ ಸಹಾಯಕ. ಔಷಧಕ್ಕೆ ಬಗ್ಗದ ಕೆಲವರಲ್ಲಿ ಮಾತ್ರ ಕೊಳವೆಯ ಮೂಲಕ ಕೀವು ತೆಗೆಯುವುದು ಅಥವಾ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಜ್ವರ ಇಳಿದ ಒಂದು ವಾರಕ್ಕೆ ಕೂಲಿ ತಪ್ಪುವ ಭಯದಿಂದ ಔಷಧ ಬಿಟ್ಟು ಕೆಲಸಕ್ಕೆ ಹೋಗುವುದೇ ರೋಗ ಮರುಕಳಿಸಲು ಒಂದು ದೊಡ್ಡ ಕಾರಣ.

ಸಾಮಾನ್ಯ ಕೀವುಕುರು ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ. ಕ್ಷಯವಲ್ಲವೆಂದು ಪರೀಕ್ಷೆಯಿಂದ ಖಚಿತವಾದ ಮೇಲೆ ರೋಗಿಯನ್ನು ಬೇರೆ ಇರಿಸುವ, ಅವನ ತಟ್ಟೆ ಲೋಟಗಳನ್ನು ಪ್ರತ್ಯೇಕಿಸುವ ಅಗತ್ಯವಿಲ್ಲ. ಕ್ಷಯವೇ ಆಗಿದ್ದರೂ ರೋಗಿಯನ್ನು ತಿರಸ್ಕರಿಸಲು ಅದು ಕಾರಣವಾಗಬಾರದು.

ತಡೆಗಟ್ಟುವ ಬಗೆ

ಈ ರೋಗವನ್ನು ಬಹುಮಟ್ಟಿಗೆ ತಡೆಯಬಹುದು. ಅದಕ್ಕೆ ಬೇಕಾದುದು ಹೆಚ್ಚಿನ ಹಣವಲ್ಲ, ಸ್ವಲ್ಪ ತಿಳಿವಳಿಕೆ.

ಮುಂಬಯಿಯ ಉಪನಗರ ರೈಲುಗಳಲ್ಲಿ, ದಾದರ್, ಕುರ್ಲಾದಂತಹ ನಿಲ್ದಾಣಗಳ ಜನಸಂದಣಿಯಲ್ಲಿ ಯಾರಾದರೂ ಮೂರ್ಛೆ ಹೋಗಿ ಬಿದ್ದಾಗ ಸುತ್ತಲಿನವರು ಸದ್ಭಾವನೆಯಿಂದಲೇ ಬಾಯಿಗೆ ನೀರು ಸುರಿಯುತ್ತಾರೆ. ಎಚ್ಚರವಿಲ್ಲದವನಿಗೆ ನುಂಗುವ ಶಕ್ತಿಯಿರುವುದಿಲ್ಲ. ಆ ನೀರು ಬಾಯಿಯ ಕೊಳೆಯೊಡನೆ ಶ್ವಾಸಕೋಶಕ್ಕಿಳಿಯುತ್ತದೆ. ಬೀಗದ ಕೈ ಹಿಡಿಸುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು ನಿಷ್ಪ್ರಯೋಜಕ. ಹಲ್ಲುಗಳ ನಡುವೆ ಚಮಚ ತುರುಕುವುದು ಅಪಾಯಕರ. ಮಾಡಬೇಕಾದುದಿಷ್ಟೆ: ತಲೆಗೆ ಪೆಟ್ಟಾಗದಂತೆ ಮೆತ್ತಗಿನದನ್ನು ಇಟ್ಟು, ಸೆಳೆತ ನಿಂತೊಡನೆ ಒಂದು ಮಗ್ಗುಲಾಗಿ ಮಲಗಿಸಿ, ಜೊಲ್ಲು ಹೊರಕ್ಕೆ ಹರಿಯುವಂತೆ ಮುಖವನ್ನು ವಾಲಿಸಿ, ಉಡುಪನ್ನು ಸಡಿಲಿಸಿ, ಗಾಳಿಗೆ ಅವಕಾಶ ಮಾಡಿಕೊಡುವುದು. ಪೂರ್ಣ ಎಚ್ಚರವಾಗುವವರೆಗೆ ಬಾಯಿಗೆ ಏನನ್ನೂ ಹಾಕಬಾರದು. ಸೆಳೆತ ಐದು ನಿಮಿಷಕ್ಕೂ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಮದ್ಯದ ಅಮಲಿನಲ್ಲಿ ಎಚ್ಚರ ತಪ್ಪಿದವನನ್ನೂ ಅಂಗಾತ ಬಿಡದೆ ಮಗ್ಗುಲಿಗೆ ತಿರುಗಿಸಬೇಕು.

1920ರ ದಶಕದಲ್ಲಿ ಮುಂಬಯಿಯಲ್ಲಿ ಕಟ್ಟಲಾದ ಬಿ.ಡಿ.ಡಿ. ಚಾಳುಗಳ ಒಂದು ಕೊಠಡಿಯ ವಿಸ್ತೀರ್ಣ 160 ಚದರ ಅಡಿ. ಅಷ್ಟೇ ಜಾಗದಲ್ಲಿ ತಲೆಮಾರುಗಳು ಬಾಳಿದವು. ಇಂದಿಗೂ ಅಂತಹ ಚಿಕ್ಕ ಮನೆಗಳಲ್ಲಿ ಪಾರ್ಶ್ವವಾಯುವಿನಿಂದ ಮಲಗಿದ ಹಿರಿಯರನ್ನು ಮನೆಯವರು ಶ್ರದ್ಧೆಯಿಂದ ನೋಡಿಕೊಳ್ಳುತ್ತಾರೆ. ಅವರಿಗೆ ಮಲಗಿದಲ್ಲಿಯೇ ಗಂಜಿ ಕುಡಿಸುವುದು ಒಳ್ಳೆಯದಲ್ಲ. ಗೋಡೆಗೆ ಒರಗಿಸಿ ಕುಳ್ಳಿರಿಸಿ, ಸಣ್ಣ ಸಣ್ಣ ತುತ್ತುಗಳಾಗಿ ಉಣ್ಣಿಸಿ, ಊಟವಾದ ಮೇಲೆ ಅರ್ಧ ಗಂಟೆಯಾದರೂ ಕುಳಿತಿರುವಂತೆ ನೋಡಿಕೊಳ್ಳಬೇಕು. ನೀರು ಕುಡಿಯುವಾಗ ಕೆಮ್ಮು ಬಂದರೆ ಅದು ಎಚ್ಚರಿಕೆಯ ಸೂಚನೆ. ವೈದ್ಯರ ಸಲಹೆ ಪಡೆಯಬೇಕು. ದಿನಕ್ಕೆರಡು ಬಾರಿ ಅವರ ಬಾಯಿಯನ್ನು ಸ್ವಚ್ಛಗೊಳಿಸುವುದು ಔಷಧದಷ್ಟೇ ಮುಖ್ಯ.

ಶಸ್ತ್ರಚಿಕಿತ್ಸೆಗೆ ಮುನ್ನ ಇಂತಿಷ್ಟು ಗಂಟೆ ಏನನ್ನೂ ಸೇವಿಸಬಾರದೆಂದು ವೈದ್ಯರು ವಿಧಿಸುವ ನಿಯಮಕ್ಕೂ ಇದೇ ಕಾರಣ. ಕರುಣೆಯಿಂದ ಗುಟ್ಟಾಗಿ ಚಹ ಕುಡಿಸುವ ಬಂಧುಗಳು ರೋಗಿಗೆ ಅಪಕಾರವನ್ನೇ ಮಾಡುತ್ತಾರೆ. ಐದು ವರ್ಷದೊಳಗಿನ ಮಕ್ಕಳ ಕೈಗೆ ಶೇಂಗಾಬೀಜ, ಅಡಿಕೆಗಳನ್ನು ಕೊಡಬಾರದು. ಸಕ್ಕರೆಕಾಯಿಲೆಯನ್ನು ಹತೋಟಿಯಲ್ಲಿಡಬೇಕು. ಗದ್ದೆಯ ಕೆಸರಿಗೆ, ನೆರೆಯ ನೀರಿಗೆ ಇಳಿಯುವಾಗ ಕಾಲಿನ ಗಾಯಗಳನ್ನು ಮುಚ್ಚಿಕೊಳ್ಳಬೇಕು, ಸಾಧ್ಯವಾದರೆ ಗಂಬೂಟು ಧರಿಸಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಲಕ್ಷಾಂತರ ಜನರು ಎದೆಮಟ್ಟದ ಕೊಳಚೆ ನೀರಿನಲ್ಲಿ ನಡೆಯಬೇಕಾಗಿ ಬಂದುದನ್ನು ನಗರವು ಮರೆತಿಲ್ಲ.

ಉಪಸಂಹಾರ

ಮತ್ತೆ ಆ ಅಡುಗೆ ಕೆಲಸಗಾರನ ಕಡೆಗೆ ತಿರುಗಬಹುದು. ಊರಿನ ಬಸ್ಸು ಹತ್ತುವ ಬದಲು ಅವನು ಮಹಾನಗರಪಾಲಿಕೆಯ ದವಾಖಾನೆಗೆ ಹೋದನೆಂದು ಭಾವಿಸಿದರೆ, ಕಫದ ಪರೀಕ್ಷೆಯಲ್ಲಿ ಕ್ಷಯವಿಲ್ಲವೆಂದು ತಿಳಿಯುತ್ತದೆ. ಅಲ್ಲಿಂದ ಪರೇಲಿನ ಕೆ.ಇ.ಎಂ., ಶೀವ್‌ನ ಲೋಕಮಾನ್ಯ ತಿಲಕ್ ಅಥವಾ ಮುಂಬಯಿ ಸೆಂಟ್ರಲ್‌ನ ನಾಯರ್ ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಗೆ ಅವನನ್ನು ಕಳುಹಿಸುತ್ತಾರೆ. ಔಷಧ ಆರು ವಾರ ನಡೆಯುತ್ತದೆ. ಕುಹರ ಕುಗ್ಗಿ ಒಂದು ಕಲೆಯಾಗಿ ಉಳಿಯುತ್ತದೆ. ಅಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಹಲ್ಲುಗಳ ಚಿಕಿತ್ಸೆಯಾಗಬೇಕು, ಮದ್ಯಪಾನ ನಿಲ್ಲಬೇಕು. ಇಲ್ಲವಾದರೆ ರೋಗ ಬಂದ ದಾರಿ ತೆರೆದೇ ಇರುತ್ತದೆ.

ಇಲ್ಲಿ ಸಂಗಡಿಗರ ಪಾತ್ರವೂ ಹಿರಿದು. ವಾಸನೆಗೆ ಅಸಹ್ಯಪಟ್ಟು ದೂರವಿಡುವ ಬದಲು, ಮೂಗು ಬಾಯಿಗಳನ್ನು ಬಟ್ಟೆಯಿಂದ ಮುಚ್ಚಿಕೊಂಡಾದರೂ ಸರಿಯೆ, ಅವನನ್ನು ಕರೆದೊಯ್ದು ದವಾಖಾನೆಯ ಸಾಲಿನಲ್ಲಿ ನಿಲ್ಲಿಸುವ ಒಬ್ಬ ಗೆಳೆಯನಿದ್ದರೆ ಸಾಕು, ಒಂದು ಕುಟುಂಬದ ಆಧಾರ ಉಳಿಯುತ್ತದೆ. ದೂರದ ಊರಿನಿಂದ ಬಂದು ಈ ನಗರದಲ್ಲಿ ದುಡಿಯುವವರಿಗೆ ಪಕ್ಕದ ಹಾಸಿಗೆಯವನೇ ಬಂಧು. ರೋಗದ ಕಾರಣವನ್ನು ತಿಳಿದವನು ಆ ಬಂಧುತ್ವವನ್ನು ಭಯವಿಲ್ಲದೆ ನಿರ್ವಹಿಸಬಲ್ಲನು. ಎರಡು ವಾರ ಮೀರಿದ ಕೆಮ್ಮನ್ನು ಅಲಕ್ಷಿಸದಿರಲಿ, ಬಾಯಿಯನ್ನು ಶುದ್ಧವಾಗಿಡಲಿ, ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕದಿರಲಿ. ಈ ಮೂರು ಮಾತುಗಳು ಪ್ರತಿಯೊಬ್ಬ ಶ್ರೋತೃವಿನ ಮೂಲಕ ಇನ್ನೊಂದು ಮನೆಗೆ ತಲುಪಿದರೆ ಈ ಉಪನ್ಯಾಸದ ಉದ್ದೇಶ ಈಡೇರಿದಂತಾಗುತ್ತದೆ.